ಚಿಪ್ ಚೆನ್ನಾಗಿದ್ದರೂ ಷೇರು ಬಿದ್ದದ್ದೇಕೆ?

ಪ್ರಶ್ನೆ: ಅಮೆರಿಕದ ಚಿಪ್ ಕಂಪನಿ ಎಎಂಡಿಯು ಕ್ಯಾಶ್ ಮೆಮೊರಿಯನ್ನು (ಪ್ರೊಸೆಸರ್ ತನ್ನೊಳಗೇ ಇಟ್ಟುಕೊಳ್ಳುವ ಚಿಕ್ಕ, ವೇಗದ ಮೆಮೊರಿ) ಒಂದರ ಮೇಲೊಂದು ಪೇರಿಸಿದ ಪ್ರೊಸೆಸರ್ ತಂದಾಗ ವಿಮರ್ಶಕರೆಲ್ಲ ಹೊಗಳಿದ್ದರು. ಅದನ್ನು ನಂಬಿ 2022ರಲ್ಲಿ ಷೇರು ಕೊಂಡೆ, ಕುಸಿಯಿತು. ಷೇರು ವಿಶ್ಲೇಷಕರು ಮಾತ್ರ ‘ಕೊಳ್ಳಿ’ ಎನ್ನುತ್ತಲೇ ಇದ್ದರು. ಸುಳ್ಳು ಹೇಳಿದವರು ಯಾರು?

ಉತ್ತರ: ಕಂಪನಿಯ ಹೆಸರಷ್ಟೇ ಬದಲಾಗಿ ಇದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ, ಆದ್ದರಿಂದ ಈ ಸಲ ಪೂರ್ತಿ ಉತ್ತರಿಸುತ್ತೇನೆ. ವಿಮರ್ಶಕರು ಸುಳ್ಳು ಹೇಳಲಿಲ್ಲ. 2022ರ ಏಪ್ರಿಲ್‌ನಲ್ಲಿ 449 ಡಾಲರ್‌ಗೆ ಬಂದ ರೈಜೆನ್ 7 5800ಎಕ್ಸ್3ಡಿಯಲ್ಲಿ, ಮೊದಲೇ ಇದ್ದ 32 ಎಂಬಿ ಎಲ್3 ಕ್ಯಾಶ್‌ನ ಮೇಲೆ 64 ಎಂಬಿಯ ಇನ್ನೊಂದು ಸಿಲಿಕಾನ್ ತುಣುಕನ್ನು ಕೂರಿಸಿದ್ದರು. ದತ್ತಾಂಶಕ್ಕಾಗಿ ಪದೇ ಪದೇ ಪ್ರೊಸೆಸರ್‌ನ ಹೊರಗಿರುವ ಮುಖ್ಯ ಮೆಮೊರಿಯಾದ ರ‍್ಯಾಮ್‌ವರೆಗೆ ಹೋಗಿಬರುವುದು ತಪ್ಪಿದ್ದರಿಂದ ಗೇಮ್‌ಗಳು ನಿಜವಾಗಿಯೂ ವೇಗವಾಗಿ ಓಡಿದವು. ಆದರೆ ಗರಿಷ್ಠ ವೇಗವನ್ನು, ಪೇರಿಸದ 5800ಎಕ್ಸ್‌ನ 4.7 ಗಿಗಾಹರ್ಟ್ಸ್‌ನಿಂದ 4.5ಕ್ಕೆ ಇಳಿಸಬೇಕಾಯಿತು. ಕಚೇರಿಯಲ್ಲಿ ಲೆಕ್ಕದ ಹಾಳೆ ತೆರೆದು ಕುಳಿತವರಿಗೆ ಇದರಿಂದ ಹೇಳಿಕೊಳ್ಳುವಂಥ ಲಾಭವೇನೂ ಇರಲಿಲ್ಲ. ಅಂದರೆ ನೀವು ಮೆಚ್ಚಿದ್ದು ಮಾರುಕಟ್ಟೆಯ ಒಂದು ಮೂಲೆಗೆ ಒಪ್ಪುವ ಸರಕನ್ನು; ಕೊಂಡದ್ದು ಇಡೀ ಅಂಗಡಿಯ ಪಾಲನ್ನು.

ಅಂಗಡಿಯ ಸ್ಥಿತಿ ಏನಾಗಿತ್ತೆಂಬುದನ್ನು ಕಂಪನಿಯೇ 2022ರ ಅಕ್ಟೋಬರ್ 6ರಂದು ಹೇಳಿತು. ಮೂರನೆಯ ತ್ರೈಮಾಸಿಕದಲ್ಲಿ ಸುಮಾರು 670 ಕೋಟಿ ಡಾಲರ್ ವರಮಾನ ಬರಬಹುದೆಂದಿದ್ದವರು, 560 ಕೋಟಿ ಮಾತ್ರ ಎಂದು ತಿದ್ದಿಕೊಂಡರು. ಕೋವಿಡ್ ಕಾಲದಲ್ಲಿ ಕಂಪ್ಯೂಟರ್ ಕೊಂಡವರು ಮತ್ತೆ ಕೊಳ್ಳಲಿಲ್ಲ, ತಯಾರಕರು ಗೋದಾಮಿನಲ್ಲಿದ್ದುದನ್ನೇ ಖಾಲಿ ಮಾಡುತ್ತಿದ್ದರು. ಹಾಗಾಗಿ ಪಿಸಿ ಪ್ರೊಸೆಸರ್ ವಿಭಾಗದ ವರಮಾನ ಹಿಂದಿನ ವರ್ಷಕ್ಕಿಂತ ಶೇ 40ರಷ್ಟು ಇಳಿದು 100 ಕೋಟಿ ಡಾಲರ್ ಆಸುಪಾಸಿಗೆ ಬಂತು. ಅಮೆರಿಕದಲ್ಲಿ ಬಡ್ಡಿದರ ಏರುತ್ತಿದ್ದುದರಿಂದ ತಂತ್ರಜ್ಞಾನದ ಷೇರುಗಳೆಲ್ಲ ಆಗಲೇ ಸೊರಗಿದ್ದವು. ವರ್ಷದ ಆರಂಭಕ್ಕೆ 144 ಡಾಲರ್ ಹತ್ತಿರವಿದ್ದ ಎಎಂಡಿ ಷೇರು ವರ್ಷಾಂತ್ಯಕ್ಕೆ 65ರ ಸುತ್ತ ನಿಂತಿತು. ಇದರಲ್ಲಿ ಕ್ಯಾಶ್‌ನ ತಪ್ಪು ಎಳ್ಳಷ್ಟೂ ಇಲ್ಲ.

ಇನ್ನು ವಿಶ್ಲೇಷಕರು. ಅವರೆಲ್ಲ ಮೋಸಗಾರರೆಂಬ ಮಾತನ್ನು ನಾನು ಒಪ್ಪುವುದಿಲ್ಲ, ಆದರೆ ಅನುಮಾನಕ್ಕೆ ಆಧಾರವಿದೆ. 2003ರಲ್ಲಿ ಅಮೆರಿಕದ ಷೇರುಪೇಟೆಯ, ಅಂದರೆ ವಾಲ್ ಸ್ಟ್ರೀಟಿನ ಹತ್ತು ಸಂಸ್ಥೆಗಳು, ಹೂಡಿಕೆ ಬ್ಯಾಂಕಿಂಗ್ (ಕಂಪನಿಗಳಿಗೆ ಬಂಡವಾಳ ಎತ್ತಿಕೊಡುವ) ವ್ಯವಹಾರಕ್ಕಾಗಿ ಸಂಶೋಧನಾ ವರದಿಗಳನ್ನು ಬಾಗಿಸಿದ ಆರೋಪವನ್ನು ಸುಮಾರು 140 ಕೋಟಿ ಡಾಲರ್ ತೆತ್ತು ಇತ್ಯರ್ಥ ಮಾಡಿಕೊಂಡವು. ಖಾಸಗಿ ಮಿಂಚಂಚೆಗಳಲ್ಲಿ ಹಳಿದ ಷೇರುಗಳನ್ನೇ ಹೊರಗೆ ಹೊಗಳಿದ ಆರೋಪ ಹೊತ್ತಿದ್ದ ವಿಶ್ಲೇಷಕ ಹೆನ್ರಿ ಬ್ಲಾಜೆಟ್ 40 ಲಕ್ಷ ಡಾಲರ್ ಕಟ್ಟಿ, ಆ ಉದ್ಯಮದಿಂದ ಶಾಶ್ವತವಾಗಿ ಹೊರಬಿದ್ದರು. ಆದ್ದರಿಂದ ನಾನು ವರದಿಯನ್ನು ಕೊನೆಯ ಪುಟದಿಂದ ಓದುತ್ತೇನೆ: ಆ ಸಂಸ್ಥೆಗೂ ಕಂಪನಿಗೂ ಇರುವ ವ್ಯವಹಾರವನ್ನು ಸಣ್ಣ ಅಕ್ಷರಗಳಲ್ಲಿ ಅಲ್ಲಿಯೇ ಬರೆದಿರುತ್ತಾರೆ. ಆಮೇಲೆ ನೋಡುವುದು ಎಷ್ಟು ಚಿಪ್, ಸರಾಸರಿ ಯಾವ ಬೆಲೆಗೆ, ಶೇಕಡಾ ಎಷ್ಟು ಲಾಭಕ್ಕೆ ಮಾರಾಟವಾಗುತ್ತದೆಂದು ಅವರು ಊಹಿಸಿದ್ದಾರೆ ಎಂಬುದನ್ನು. ಈ ಮೂರು ಅಂಕಿ ಇಲ್ಲದ ವರದಿಯನ್ನು ಪಕ್ಕಕ್ಕಿಡುತ್ತೇನೆ. ಷೇರು ಇಷ್ಟಕ್ಕೆ ಮುಟ್ಟುತ್ತದೆಂದು ಅವರು ಹೇಳುವ ಗುರಿ ಬೆಲೆಯನ್ನು ಓದುವುದೇ ಇಲ್ಲ. ಷೇರು ಬಿದ್ದ ಮರುದಿನ ಆ ಗುರಿಯನ್ನು ಇಳಿಸುವುದಕ್ಕೆ ವಿಶ್ಲೇಷಕರೇ ಬೇಕೆಂದಿಲ್ಲ.

ಪ್ರಶ್ನೆ: ಟೆಲಿಗ್ರಾಂ ಗುಂಪಿನವರೊಬ್ಬರು ಚಿಪ್ ಷೇರು ಆರು ತಿಂಗಳಲ್ಲಿ ಎರಡರಷ್ಟಾಗುವುದು ಖಚಿತ ಎನ್ನುತ್ತಾರೆ. ಶುಲ್ಕ ಕಟ್ಟಬಹುದೇ?

ಉತ್ತರ: ಬೇಡ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ ನೋಂದಣಿ ಸಂಖ್ಯೆ ಕೇಳಿ, ಅದನ್ನು ಸೆಬಿಯ ಜಾಲತಾಣದಲ್ಲಿ ಹುಡುಕಿ. ಸಂಖ್ಯೆ ಸರಿಯಿದ್ದರೂ ‘ಖಚಿತ’ ಎಂದವರಿಗೆ ಹಣ ಕೊಡಬೇಡಿ.

ಪ್ರಶ್ನೆ: ಅಣ್ಣನ ಮಗ ಬೆಂಗಳೂರಿನ ಚಿಪ್ ವಿನ್ಯಾಸ ಕಂಪನಿಯಲ್ಲಿದ್ದಾನೆ. ಇನ್ನೂ ಪ್ರಕಟವಾಗದ ಪ್ರೊಸೆಸರ್ ಬಹಳ ಚೆನ್ನಾಗಿದೆಯಂತೆ. ಈಗಲೇ ಕೊಳ್ಳಲೇ?

ಉತ್ತರ: ಅದು ಕಂಪನಿಯ ಒಳಗುಟ್ಟು. ಆ ಹುಡುಗನ ಕೆಲಸ ಉಳಿಯಬೇಕೆಂದಿದ್ದರೆ ಕೊಳ್ಳಬೇಡಿ, ಈ ಪ್ರಶ್ನೆಯನ್ನು ಬೇರೆ ಯಾರಿಗೂ ಬರೆದು ಕಳಿಸಬೇಡಿ.