ಗಾಳ ಹಾಕುವ ರಾತ್ರಿಗೆ ಊಟ ಏನು?

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಆಗಾಗ ಶನಿವಾರ ಸಂಜೆ ಕೋಡಿ ಬೇಂಗ್ರೆ ಕಡೆ ಗಾಳ ಹಾಕಲು ಹೋಗುತ್ತೇವೆ. ವಾಪಸ್ ಬರುವುದು ಭಾನುವಾರ ಬೆಳಿಗ್ಗೆ. ಮನೆಯಿಂದ ಕಟ್ಟಿಕೊಂಡು ಹೋದ ಚಿತ್ರಾನ್ನ ಮಧ್ಯರಾತ್ರಿಗೇ ವಾಸನೆ ಬರುತ್ತದೆ. ಒಂದು ಚಿಕ್ಕ ಗ್ಯಾಸ್ ಒಲೆ ಇದೆ. ನಮಗೆ ಯಾರಿಗೂ ಅಡುಗೆ ಅಷ್ಟಾಗಿ ಬರುವುದಿಲ್ಲ. ಸುಲಭದಲ್ಲಿ ಏನು ಮಾಡಬಹುದು?
– ಉದ್ಯಾವರದ ಓದುಗರು

ಉತ್ತರ: ಮೊದಲು ಆ ಚಿತ್ರಾನ್ನ ಬಿಡಿ. ನಮ್ಮ ಸೆಕೆಗೆ ಅನ್ನ ತಾಳುವುದಿಲ್ಲ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ. ಅನ್ನ ಬೆಂದರೂ ಅವು ಸಾಯುವುದಿಲ್ಲ. ಡಬ್ಬಿಯೊಳಗೆ ಅನ್ನ ಉಗುರುಬೆಚ್ಚಗೆ ಕೂತರೆ ಸಾಕು, ಮೊಳೆತು ಬೆಳೆದು ವಿಷ ಬಿಡುತ್ತವೆ. ವಾಂತಿ ಮಾಡಿಸುವ ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ವಾಸನೆ ಬರುವ ಮೊದಲೇ ಅನ್ನ ಕೆಟ್ಟಿರಬಹುದು. ಬೇಯಿಸಿದ್ದನ್ನು ಹೊರಗೆ 2 ಗಂಟೆಗಿಂತ ಜಾಸ್ತಿ ಇಡಬಾರದು, 32 ಡಿಗ್ರಿ ದಾಟಿದ ಸೆಕೆಯಲ್ಲಿ 1 ಗಂಟೆ ಅಷ್ಟೇ. ನಿಂಬೆಹುಳಿ ಹಿಂಡಿದ್ದೇವಲ್ಲ ಅನ್ನುವ ಧೈರ್ಯ ಬೇಡ.

ಹಾಗಾಗಿ ಒಣಗಿದ್ದನ್ನು ಹೊತ್ತುಕೊಂಡು ಹೋಗಿ, ನೀರು ಅಲ್ಲೇ ಸೇರಿಸಿ. ಹುರಿಯುವುದು, ಹುಡಿ ಮಾಡುವುದು, ಅಳೆಯುವುದು ಎಲ್ಲ ಮನೆಯಲ್ಲೇ ಮುಗಿಯಲಿ. ಹೊಳೆ ಬದಿಯಲ್ಲಿ ಟಾರ್ಚ್ ಬೆಳಕಿನಲ್ಲಿ ಕುದಿಸುವ ಕೆಲಸ ಒಂದೇ ಇರಲಿ.

ರಾತ್ರಿಯ ಊಟಕ್ಕೆ ನನ್ನ ಓಟು ಕೋರಿರೊಟ್ಟಿ ಮತ್ತು ಹುಳಿಖಾರದ ಮೀನು ಸಾರು ಪುಳಿಮುಂಚಿಗೆ. ರೊಟ್ಟಿ ಗರಿಗರಿ ಒಣಗಿರುತ್ತದೆ, ಕೆಡುವ ಮಾತೇ ಇಲ್ಲ. ಆದರೆ ನದಿಬಾಯಿಯ ತೇವಕ್ಕೆ ಬೇಗ ಮೆತ್ತಗಾಗುತ್ತದೆ, ಪ್ಯಾಕೆಟ್ ಬಾಯಿ ಬಿಗಿಯಾಗಿ ಕಟ್ಟಿ. ಪುಳಿಮುಂಚಿಗೆ ತೆಂಗಿನಕಾಯಿ ಬೇಡ. ತೆಂಗಿನಕಾಯಿ ಅರೆದ ಮಸಾಲೆ ಅನ್ನಕ್ಕಿಂತ ಮೊದಲೇ ಹಳಸುತ್ತದೆ. ನಾಲ್ಕು ಜನಕ್ಕೆ ಹದಿನೈದು ಒಣಮೆಣಸು, ಒಂದೂವರೆ ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ನಾಲ್ಕೈದು ಕಾಳುಮೆಣಸು, ಚಿಟಿಕೆ ಮೆಂತ್ಯ. ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ತಣಿದ ಮೇಲೆ ಹುಡಿ ಮಾಡಿ. ಬಿಸಿಯಲ್ಲೇ ಡಬ್ಬಿಗೆ ಹಾಕಿದರೆ ಮುಚ್ಚಳದ ಒಳಗೆ ಬೆವರು ಕೂರುತ್ತದೆ. ಅರಿಶಿನ, ಉಪ್ಪು ಅದಕ್ಕೇ ಬೆರೆಸಿ. ನಿಂಬೆ ಗಾತ್ರದ ಹುಣಸೆಹುಳಿ, ಬೆಳ್ಳುಳ್ಳಿ, ಶುಂಠಿ ಬೇರೆ ಕಟ್ಟಿಕೊಳ್ಳಿ.

ಅಲ್ಲಿ ಮಾಡುವುದು ಇಷ್ಟೇ. ಹುಳಿಯನ್ನು ಎರಡು ಲೋಟ ನೀರಿನಲ್ಲಿ ಕಿವುಚಿ ಒಲೆಗಿಡಿ. ಹುಡಿ ಹಾಕಿ, ಬೆಳ್ಳುಳ್ಳಿ ಶುಂಠಿ ಜಜ್ಜಿ ಹಾಕಿ. ಸಾರು ಕುದಿದು ಹಸಿ ವಾಸನೆ ಹೋದ ಮೇಲೆ ಮೀನು ಇಳಿಸಿ. ಎಂಟು ನಿಮಿಷ ಸಾಕು, ಮೀನು ದಪ್ಪ ಇದ್ದರೆ ಇನ್ನೂ ಸ್ವಲ್ಪ. ಸೌಟು ಹಾಕಬೇಡಿ, ಪಾತ್ರೆಯ ಕಿವಿ ಹಿಡಿದು ಸುತ್ತ ತಿರುಗಿಸಿ. ಇಲ್ಲದಿದ್ದರೆ ಕಾಣೆಯಂಥ ಮೆತ್ತನೆ ಮೀನು ಮುದ್ದೆಯಾಗುತ್ತದೆ. ಇಳಿಸುವಾಗ ಒಂದು ಚಮಚ ಹಸಿ ತೆಂಗಿನೆಣ್ಣೆ.

ಮೀನೇ ಸಿಗದಿದ್ದರೆ? ಸಿಗುತ್ತದೆ ಅಂತ ನಂಬಿಕೊಂಡು ಊಟದ ಲೆಕ್ಕ ಹಾಕುವವರು ಬೆಳಿಗ್ಗೆವರೆಗೆ ಬಿಸ್ಕೆಟ್ ತಿನ್ನುತ್ತಾರೆ. ಎಂಟು ಮೊಟ್ಟೆ ಇಟ್ಟುಕೊಳ್ಳಿ. ಕುದಿಯುವ ಅದೇ ಸಾರಿಗೆ ಒಂದೊಂದಾಗಿ ಒಡೆದು ಬಿಟ್ಟು ಮುಚ್ಚಿ. ಹಳದಿ ಗಟ್ಟಿಯಾದರೆ ಆಯಿತು. ಜೊತೆಗೆ ಒಣ ಸಿಗಡಿ ಹುರಿದು, ಮೆಣಸು, ಹುಳಿ, ಉಪ್ಪು ಸೇರಿಸಿ ಒಣಗಿದ್ದಾಗಿಯೇ ಹುಡಿ ಮಾಡಿದ ಚಟ್ನಿ ಇರಲಿ. ಬಡಿಸುವಾಗ ಹಸಿ ನೀರುಳ್ಳಿ, ಎಣ್ಣೆ ಕಲಸಿಕೊಳ್ಳಿ.

ಗಂಜಿ ಬೇಕೇ ಬೇಕು ಅನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ, ಅಲ್ವಾ? ಇಡೀ ಕುಚ್ಚಲಕ್ಕಿ ಬೇಯಿಸುತ್ತಾ ಕೂತರೆ ಗ್ಯಾಸ್ ಖಾಲಿ. ಕುಚ್ಚಲಕ್ಕಿ ನುಚ್ಚು ಒಯ್ದು, ತಲುಪಿದ ಕೂಡಲೇ ನೆನೆ ಹಾಕಿ, ಆಮೇಲೆ ಬೇಯಿಸಿ. ಬೆಳಗ್ಗಿನ ತಿಂಡಿಗೆ ತೆಳು ಅವಲಕ್ಕಿ, ಮನೆಯಲ್ಲೇ ಮಾಡಿಟ್ಟ ಖಾರದ ಹುಡಿ, ಬೆಲ್ಲ. ಕಲಸಿದರೆ ಮುಗಿಯಿತು. ಬನ್ಸ್ ಒಯ್ಯಬಹುದು. ನೀರುದೋಸೆ ಬೇಡ, ಒಂದಕ್ಕೊಂದು ಅಂಟಿಕೊಳ್ಳುತ್ತದೆ.

ಒಲೆಯ ಬಗ್ಗೆ ಒಂದು ಮಾತು. ಸಂಜೆ ಗಾಳಿ ಕಡಲ ಕಡೆಯಿಂದ ಬೀಸುತ್ತದೆ, ತಡರಾತ್ರಿ ನೆಲದ ಕಡೆಯಿಂದ. ಹಾಗಾಗಿ ಗಾಳಿಗೆ ಅಡ್ಡ ಇಟ್ಟ ತಗಡನ್ನು ಆಮೇಲೆ ಆಚೆ ಬದಿಗೆ ತಿರುಗಿಸಬೇಕಾಗುತ್ತದೆ. ಅದನ್ನು ಒಲೆಯ ಸುತ್ತ ಪೂರ್ತಿ ಮುಚ್ಚಬೇಡಿ, ಗ್ಯಾಸ್ ಡಬ್ಬಿ ಕಾದು ಸಿಡಿಯಬಹುದು. ಕುಡಿಯುವ ನೀರು, ಅಡುಗೆಯ ನೀರು ಎರಡೂ ಮನೆಯಿಂದಲೇ. ಅಲ್ಲಿ ಸ್ವರ್ಣಾ, ಸೀತಾ ಎರಡೂ ಕಡಲು ಸೇರುತ್ತವೆ, ಆ ನೀರು ಉಪ್ಪು.

ಪ್ರಶ್ನೆ: ರಾತ್ರಿ ಹಿಡಿದ ಮೀನನ್ನು ಬಕೆಟ್ ನೀರಿನಲ್ಲಿ ಹಾಕಿಟ್ಟು ಬೆಳಿಗ್ಗೆ ಮನೆಗೆ ತರುತ್ತೇನೆ. ಚೆನ್ನಾಗಿ ಕಾಯಿಸಿ ತಿಂದರೆ ತೊಂದರೆ ಇಲ್ಲ ತಾನೇ?
– ಸಸಿಹಿತ್ಲುವಿನ ಓದುಗರು

ಉತ್ತರ: ಇದೆ. ಸತ್ತ ಮೀನು ಬೆಚ್ಚಗಿನ ಬಕೆಟ್ ನೀರಿನಲ್ಲಿ ಬೇಗ ಕೊಳೆಯುತ್ತದೆ. ಬಂಗುಡೆ, ಬೂತಾಯಿ, ಕೇದರದಂಥ ಮೀನಾದರೆ ಇನ್ನೂ ಎಚ್ಚರ ಬೇಕು. ಐಸ್ ಇಲ್ಲದೆ ಇಟ್ಟರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಅನ್ನುವ ರಾಸಾಯನಿಕ ಸೇರಿಕೊಳ್ಳುತ್ತದೆ. ಕಾಯಿಸಿದರೂ, ಸಾರು ಮಾಡಿದರೂ, ಫ್ರೀಜರಿಗೆ ಹಾಕಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪಾಗುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ. ನಂಜು ಅಂತ ಮೀನಿನ ಜಾತಿಗೇ ಬೈಯುತ್ತೇವೆ, ತಪ್ಪು ಬಕೆಟಿನದ್ದು.

ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೀನಿನ ತೂಕದಷ್ಟೇ ಪುಡಿ ಐಸ್ ಬೇಕು. ಗಾಳದಿಂದ ಬಿಡಿಸಿದ ಕೂಡಲೇ ಕರುಳು, ಕಿವಿರು ತೆಗೆದು ಐಸಿನೊಳಗೆ ಹೂತುಬಿಡಿ. ಕರಗಿದ ನೀರು ಹೊರಹೋಗಲು ಅಡಿಯಲ್ಲಿ ಒಂದು ತೂತು ಮಾಡಿ. ಹಾಂ, ಹಿಡಿದಾಗ ಹೊಟ್ಟೆ ಬಲೂನಿನಂತೆ ಉಬ್ಬಿಸುವ ಮೀನು ಸಿಕ್ಕಿದರೆ ಅಡುಗೆಗೆ ಬೇಡವೇ ಬೇಡ. ಅದರ ವಿಷ ಕುದಿಸಿದರೂ ಸಾಯುವಂಥದ್ದಲ್ಲ, ಜೀವವನ್ನೇ ತೆಗೆಯಬಹುದು.

ಪ್ರಶ್ನೆ: ಮಗ ಕೆನಡಾದ ವಿನ್ನಿಪೆಗ್‌ನಲ್ಲಿದ್ದಾನೆ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಸರೋವರದ ಮೇಲೆ ಗುಡಾರ ಹಾಕಿ, ಐಸಿಗೆ ತೂತು ಕೊರೆದು ರಾತ್ರಿಯಿಡೀ ಮೀನು ಹಿಡಿಯುತ್ತಾರಂತೆ. ಬರೀ ನೂಡಲ್ಸ್ ತಿನ್ನುತ್ತಾನೆ. ನಮ್ಮ ಊಟ ಅಲ್ಲಿ ಆಗುತ್ತದಾ?
– ಕದ್ರಿಯ ಓದುಗರು

ಉತ್ತರ: ಆಗುತ್ತದಮ್ಮಾ. ಅಲ್ಲಿಯ ಕಷ್ಟ ನಮ್ಮದಕ್ಕೆ ಉಲ್ಟಾ. ಕೆಡುವ ಚಿಂತೆ ಕಡಿಮೆ, ಎಲ್ಲ ಕಲ್ಲಾಗುವ ಚಿಂತೆ ಜಾಸ್ತಿ. ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುವ ಚಳಿಯಲ್ಲಿ ಕೈಗವಸು ತೆಗೆದು ನೀರುಳ್ಳಿ ಹೆಚ್ಚುವುದು ಆಗದ ಮಾತು. ಕೋಳಿ ಸಾರು ಮನೆಯಲ್ಲೇ ಮಾಡಿ, ತಣಿಸಿ, ಕುದಿ ನೀರು ತಡೆಯುವ ಚೀಲಕ್ಕೆ ತುಂಬಿ, ಚಪ್ಪಟೆಯಾಗಿ ಮಲಗಿಸಿ ಫ್ರೀಜರಿನಲ್ಲಿಡಲಿ. ಅಲ್ಲಿ ಆ ಚೀಲವನ್ನೇ ಕುದಿಯುವ ನೀರಿಗೆ ಇಳಿಸಿದರೆ ಆಯಿತು, ಪಾತ್ರೆ ತೊಳೆಯುವ ಕೆಲಸವೂ ಇಲ್ಲ. ಇಲ್ಲಿಂದ ಕೋರಿರೊಟ್ಟಿ ಕಳಿಸಿಕೊಡಿ. ದಾರಿಯಲ್ಲಿ ಹುಡಿಯಾದರೂ ಪರವಾಗಿಲ್ಲ, ಹೇಗೂ ಸಾರಿನಲ್ಲಿ ನೆನೆಯುವುದೇ ತಾನೇ.

ತೆಂಗಿನೆಣ್ಣೆ 24 ಡಿಗ್ರಿಗೇ ಗಟ್ಟಿಯಾಗುತ್ತದೆ, ಅಲ್ಲಿ ಬಾಟಲಿಯಿಂದ ಬರುವುದೇ ಇಲ್ಲ. ಒಂದೊಂದು ಚಮಚದ ಉಂಡೆ ಮಾಡಿ ಬೆಣ್ಣೆ ಕಾಗದದಲ್ಲಿ ಸುತ್ತಿಕೊಳ್ಳಲಿ. ಫ್ಲಾಸ್ಕಿಗೆ ಮೊದಲು ಕುದಿ ನೀರು ತುಂಬಿ ಹತ್ತು ನಿಮಿಷ ಬಿಟ್ಟು, ಅದನ್ನು ಚೆಲ್ಲಿ, ಆಮೇಲೆ ಬಿಸಿ ಸಾರು ಹೊಯ್ದರೆ ತುಂಬಾ ಹೊತ್ತು ಬಿಸಿ ನಿಲ್ಲುತ್ತದೆ. ನೀರಿನ ಬಾಟಲಿ ತಲೆಕೆಳಗಾಗಿ ಇಡಲಿ. ಐಸ್ ಮೇಲಿಂದ ಕಟ್ಟುತ್ತದೆ, ಬಾಯಿ ತೆರೆದೇ ಇರುತ್ತದೆ.

ಒಲೆಗೆ ಬ್ಯೂಟೇನ್ ಡಬ್ಬಿ ಆಗದು. ಸೊನ್ನೆ ಡಿಗ್ರಿಯ ಹತ್ತಿರವೇ ಅದು ಗ್ಯಾಸಾಗುವುದನ್ನು ನಿಲ್ಲಿಸುತ್ತದೆ. ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಗ್ಯಾಸಾಗುತ್ತದೆ, ಅದನ್ನೇ ತೆಗೆದುಕೊಳ್ಳಲಿ. ಅವನಿಗೆ ಊಟಕ್ಕಿಂತ ಮೊದಲು ಹೇಳಬೇಕಾದ್ದು ಇನ್ನೊಂದಿದೆ. ಮುಚ್ಚಿದ ಗುಡಾರದಲ್ಲಿ ಒಲೆಯೋ ಹೀಟರೋ ಉರಿದರೆ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷದ ಗ್ಯಾಸ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಕಿಂಡಿ ತೆರೆದೇ ಇರಬೇಕು, ಆ ಗ್ಯಾಸ್ ಪತ್ತೆ ಹಚ್ಚಿ ಕೂಗುವ ಬ್ಯಾಟರಿಯ ಅಲಾರಂ ಒಂದು ಇರಬೇಕು. ತಲೆನೋವು, ವಾಕರಿಕೆ ಶುರುವಾದರೆ ಎಲ್ಲರೂ ಮೊದಲು ಹೊರಗೆ ಬರಲಿ. ಒಲೆ ಹೊತ್ತಿಸಿಟ್ಟು ಮಲಗುವುದಂತೂ ಬೇಡವೇ ಬೇಡ.

ಇನ್ನು, ಅಲ್ಲಿ ಪಿಕರೆಲ್ ಅನ್ನುವ ಬಿಳಿ ಮಾಂಸದ ಮೀನು ಸಿಗುತ್ತದೆ. ಕಾಣೆಗೆ ಹಚ್ಚುವ ಮಸಾಲೆಯೇ ಅದಕ್ಕೂ ಹೊಂದುತ್ತದೆ. ಮೆಣಸಿನ ಹುಡಿ, ಉಪ್ಪು, ಅರಿಶಿನ ರವೆಗೆ ಬೆರೆಸಿ ಒಂದೇ ಪ್ಯಾಕೆಟ್ ಮಾಡಿಕೊಟ್ಟರೆ ಮೀನನ್ನು ಹೊರಳಿಸಿ ಕಾಯಿಸಿದರಾಯಿತು. ಕಾಯಿಸುವುದು ಗುಡಾರದ ಹೊರಗೆ.