ಓದುಗರ ಪ್ರಶ್ನೆ: ರಾಸ್ ಬಾರ್ನ್ಸ್ ಹೊಡೆತದ ಮರ್ಮ

ಪ್ರಶ್ನೆ: ಅಮೆರಿಕದ ನ್ಯಾಷನಲ್ ಲೀಗ್ ಬೇಸ್‌ಬಾಲ್ ಶುರುವಾದ 1876ರಲ್ಲೇ ಬ್ಯಾಟಿಂಗ್ ಸರಾಸರಿಯಲ್ಲಿ (ಆಡಿದ ಸರದಿಗಳಲ್ಲಿ ಹೊಡೆದು ಬೇಸ್ ತಲುಪಿದ ‘ಹಿಟ್’ಗಳ ಪಾಲು) ಮೊದಲಿಗರಾದವರು ಷಿಕಾಗೊ ತಂಡದ ರಾಸ್ ಬಾರ್ನ್ಸ್. ‘ಫೇರ್-ಫೌಲ್’ ಹೊಡೆತ ರದ್ದಾದ ಮೇಲೆ ಅವರ ಆಟ ಮುಗಿಯಿತಂತೆ. ಏನದು?
– ಓದುಗರೊಬ್ಬರು, ಹಾಸನ

ಉತ್ತರ: ಬ್ಯಾಟರ್ ನಿಲ್ಲುವ ಹೋಂ ಪ್ಲೇಟ್‌ನಿಂದ ಮೊದಲ ಮತ್ತು ಮೂರನೇ ಬೇಸ್‌ಗಳ ಕಡೆಗೆ ಎರಡು ಗೆರೆ ಹೋಗುತ್ತವೆ. ನಡುವಿನದು ಫೇರ್, ಹೊರಗಿನದು ಫೌಲ್. ಆಗ ಚೆಂಡು ಮೊದಲು ಎಲ್ಲಿ ನೆಲ ಮುಟ್ಟಿತು ಅನ್ನುವುದಷ್ಟೇ ಲೆಕ್ಕ. ಗೆರೆಯೊಳಗೆ ಒಮ್ಮೆ ಬಿದ್ದರೆ ಸಾಕು, ಆಮೇಲೆ ಹೊರಗೆ ಉರುಳಿದರೂ ಹೊಡೆತ ಸಿಂಧು.

ಬಲಗೈ ಆಟಗಾರ ಬಾರ್ನ್ಸ್ ಚೆಂಡಿನ ತಲೆಗೆ ಕೊಡಲಿ ಏಟಿನ ಹಾಗೆ ಮೇಲಿಂದ ಕೊಡುತ್ತಿದ್ದರು. ಅದು ಪ್ಲೇಟಿನ ಮುಂದೆಯೇ ನೆಲಕ್ಕೆ ಬಡಿದು, ತಿರುಗಿಕೊಂಡು, ಮೂರನೇ ಬೇಸ್ ಗೆರೆ ದಾಟಿ ಎಡಕ್ಕೆ ಓಡುತ್ತಿತ್ತು. ಇದೇ ಫೇರ್-ಫೌಲ್. ಪಿಚರ್ (ಚೆಂಡೆಸೆಯುವವನು) 45 ಅಡಿ ದೂರದಿಂದ ಸೊಂಟದ ಕೆಳಗಿನಿಂದ ಎಸೆಯಬೇಕಿತ್ತು. ಎಸೆತ ಮೇಲೆ ಬೇಕೋ ಕೆಳಗೆ ಬೇಕೋ ಎಂದು ಬ್ಯಾಟರ್ ಕೇಳಬಹುದಿತ್ತು. ಈ ಹೊಡೆತ ತಡೆಯಲು ಮೂರನೇ ಬೇಸ್‌ನವನು ಗೆರೆಗೆ ಅಂಟಿ ನಿಂತರೆ, ಅವನಿಗೂ ಷಾರ್ಟ್‌ಸ್ಟಾಪ್‌ಗೂ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್) ನಡುವೆ ಕಂಡಿ ಬೀಳುತ್ತಿತ್ತು. ಬಾರ್ನ್ಸ್ ಅಲ್ಲಿಗೇ ನುಗ್ಗಿಸುತ್ತಿದ್ದರು. ಹೆಚ್ಚಿನ ಫೀಲ್ಡರ್‌ಗಳ ಕೈಯಲ್ಲಿ ಗ್ಲೌಸೂ ಇರಲಿಲ್ಲ.

ಹಾಗಂತ ಸುಲಭದ್ದಲ್ಲ. ಏಟು ತೀರಾ ನೇರವಾದರೆ ಚೆಂಡು ಅಲ್ಲೇ ಪುಟಿದು ಪ್ಲೇಟಿನ ಹಿಂದಿರುವ ಕ್ಯಾಚರ್ ಕೈ ಸೇರುತ್ತದೆ. ಗೇಣು ತಪ್ಪಿ ಗೆರೆಯಾಚೆ ಬಿದ್ದರೆ ಫೌಲ್, ಮತ್ತು ಆಗಿನ ನಿಯಮದಲ್ಲಿ ಫೌಲ್ ಚೆಂಡನ್ನು ಒಂದು ಪುಟಿತದ ಮೇಲೆ ಹಿಡಿದರೂ ಔಟ್!

1877ಕ್ಕೆ ನಿಯಮ ಬದಲಾಯಿತು: ನೆಲದಲ್ಲಿ ಹೋಗುವ ಚೆಂಡು ಮೊದಲ ಇಲ್ಲವೇ ಮೂರನೇ ಬೇಸ್ ದಾಟುವ ಮುಂಚೆ ಹೊರಗೆ ಸರಿದರೆ ಫೌಲ್. ಆ ವರ್ಷ ಬಾರ್ನ್ಸ್ ಸರಾಸರಿ .429ರಿಂದ .272ಕ್ಕೆ ಇಳಿಯಿತು. ಆದರೆ ತಪ್ಪೆಲ್ಲ ನಿಯಮದ ತಲೆಗೆ ಕಟ್ಟುವುದು ನ್ಯಾಯವಲ್ಲ. ಚಳಿಜ್ವರ ಹಿಡಿದು ಅವರು ಆಡಿದ್ದೇ 22 ಪಂದ್ಯ. ಆಡದ ದಿನಗಳ ಸಂಬಳ ಕ್ಲಬ್ ಕೊಡಲಿಲ್ಲ. ಕೋರ್ಟಿಗೆ ಹೋಗಿ ಸೋತರು. ಮುಂದೆ ಮರಳಿದಾಗಲೂ (1879, 1881) ಸರಾಸರಿ .270ರ ಆಸುಪಾಸಿನಲ್ಲೇ ಉಳಿಯಿತು. ನಮ್ಮ ಮಟ್ಟಿಗೆ ಜ್ವರದ ಪಾಲೇ ದೊಡ್ಡದು.

ಪ್ರಶ್ನೆ: ಅವರ 1876ರ ಸರಾಸರಿ ಒಂದೆಡೆ .429, ಇನ್ನೊಂದೆಡೆ .404 ಎಂದಿದೆ. ಯಾವುದು ಸರಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಎರಡೂ ಸರಿ. ಹಿಟ್‌ಗಳು 138, ಬ್ಯಾಟಿಂಗ್ ಸರದಿ 322. ಭಾಗಿಸಿದರೆ .429. ಆದರೆ ಆ ವರ್ಷ ‘ವಾಕ್’ (ಪಿಚರ್‌ನ ಕೆಟ್ಟ ಎಸೆತಗಳಿಂದ ಬಿಟ್ಟಿಯಾಗಿ ದಕ್ಕುವ ಮೊದಲ ಬೇಸ್) ಸಿಕ್ಕ ಸರದಿಯನ್ನೂ ಲೆಕ್ಕಕ್ಕೆ ಸೇರಿಸುತ್ತಿದ್ದರು. ಅವರ 20 ವಾಕ್ ಕೂಡಿಸಿ 342ರಿಂದ ಭಾಗಿಸಿ ನೋಡಿ, .404 ಬರುತ್ತದೆ. 66 ಪಂದ್ಯಕ್ಕೆ 126 ರನ್. ಹೋಂ ರನ್ (ಒಂದೇ ಏಟಿಗೆ ಎಲ್ಲ ಬೇಸ್ ಸುತ್ತಿ ಬರುವುದು) ಮಾತ್ರ ಒಂದೇ. ಮೇ 2ರಂದು ಸಿನ್ಸಿನಾಟಿಯಲ್ಲಿ ಹೊಡೆದ ಅದು ಲೀಗ್‌ನ ಇತಿಹಾಸದಲ್ಲೇ ಮೊದಲನೆಯದು.

ಪ್ರಶ್ನೆ: ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ನಲ್ಲಿ ಅವರೇಕಿಲ್ಲ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಅಲ್ಲಿಗೆ ಹತ್ತು ಸೀಸನ್ ಆಡಿರಬೇಕು. ಬಾಸ್ಟನ್ ತಂಡದಲ್ಲಿ 1871ರಿಂದ 75ರವರೆಗೆ ಆಡಿದ ಐದನ್ನು ಸೇರಿಸಿದರೂ ಬಾರ್ನ್ಸ್ ಲೆಕ್ಕ ಒಂಬತ್ತಕ್ಕೇ ನಿಲ್ಲುತ್ತದೆ.