ಕ್ಯಾಡ್ ಡ್ರಾಯಿಂಗಿಗೆ ಯಾವ ಫಾಂಟ್, ಎಷ್ಟು ಎತ್ತರ?

ಪ್ರಶ್ನೆ: ಆಟೋಕ್ಯಾಡ್‌ನಲ್ಲಿ ಕಟ್ಟಡದ ನಕ್ಷೆ ಮಾಡುತ್ತೇನೆ. ಕೆಲವರು ‘ರೋಮನ್ಸ್’ ಬಳಸಿ ಎನ್ನುತ್ತಾರೆ, ಕೆಲವರು ಏರಿಯಲ್ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಬೇರೆ ಬೇರೆ ಜಾತಿಯವು. ರೋಮನ್ಸ್, ಸಿಂಪ್ಲೆಕ್ಸ್ ಮುಂತಾದವು ಎಸ್‌ಎಚ್‌ಎಕ್ಸ್ ಫಾಂಟುಗಳು. ಇವುಗಳ ಅಕ್ಷರ ಬರೀ ಗೆರೆಗಳಿಂದ ಆದದ್ದು. ಹಾಗಾಗಿ ಲೇಯರಿಗೆ (ಡ್ರಾಯಿಂಗಿನ ಪದರಕ್ಕೆ) ಕೊಟ್ಟ ಲೈನ್‌ವೇಟೇ, ಅಂದರೆ ಗೆರೆಯ ದಪ್ಪವೇ, ಅಕ್ಷರದ ದಪ್ಪ. ಸಿಟಿಬಿ (ಬಣ್ಣಕ್ಕೆ ತಕ್ಕಂತೆ ಗೆರೆಯ ದಪ್ಪ ಗೊತ್ತುಮಾಡುವ ಫೈಲ್) ಬಳಸಿ ಪ್ಲಾಟ್, ಅಂದರೆ ಮುದ್ರಣ, ಮಾಡುವವರಿಗೆ ಆ ದಪ್ಪವನ್ನು ಬಣ್ಣ ನಿರ್ಧರಿಸುತ್ತದೆ. ಏರಿಯಲ್ ಟ್ರೂಟೈಪ್ ಫಾಂಟ್. ಅದು ಅಂಚು ಬರೆದು ಒಳಗೆ ತುಂಬಿದ ಅಕ್ಷರವಾದ್ದರಿಂದ ಲೈನ್‌ವೇಟ್ ಎಷ್ಟು ಬದಲಿಸಿದರೂ ದಪ್ಪವಾಗುವುದಿಲ್ಲ, ಬೋಲ್ಡ್ ಆರಿಸಿಕೊಳ್ಳಬೇಕು.

ಅಳತೆ ಮತ್ತು ಟಿಪ್ಪಣಿಗೆ ರೋಮನ್ಸ್ ಅಥವಾ ಸಿಂಪ್ಲೆಕ್ಸ್, ಶೀರ್ಷಿಕೆಪಟ್ಟಿಗೆ ಏರಿಯಲ್ ಇಟ್ಟುಕೊಳ್ಳಿ. ಒಂದು ಡ್ರಾಯಿಂಗಿಗೆ ಎರಡು ಟೆಕ್ಸ್ಟ್ ಸ್ಟೈಲ್ (ಫಾಂಟ್, ಎತ್ತರ ಮುಂತಾದವನ್ನು ಒಟ್ಟಿಗೆ ಗೊತ್ತುಮಾಡುವ ಶೈಲಿ) ಧಾರಾಳ. ರೋಮನ್‌ಡಿ, ರೋಮನ್‌ಸಿ, ರೋಮನ್‌ಟಿಗಳಲ್ಲಿ ಒಂದೊಂದು ಅಕ್ಷರಕ್ಕೂ ಗೆರೆಗಳು ಹೆಚ್ಚು, 2.5 ಮಿ.ಮೀ. ಎತ್ತರದಲ್ಲಿ ಅವೆಲ್ಲ ಒಂದಕ್ಕೊಂದು ಅಂಟಿಕೊಂಡು ಮಸಿಯಾಗುತ್ತವೆ. ‘ಟಿಎಕ್ಸ್‌ಟಿ’ ಫಾಂಟಿನಲ್ಲಿ ಗೆರೆ ತೀರಾ ಕಡಿಮೆ, ದುಂಡಗಿರಬೇಕಾದ ಸೊನ್ನೆಯೂ ಮೂಲೆಮೂಲೆಯಾಗಿ ಕಾಣುತ್ತದೆ. ಈಗಿನ ಕಂಪ್ಯೂಟರುಗಳಲ್ಲಿ ಅದನ್ನು ಬಳಸಲು ಕಾರಣವೇ ಇಲ್ಲ.

ದಪ್ಪಕ್ಕೂ ಲೆಕ್ಕವಿದೆ. ನಕ್ಷೆಯ ಅಕ್ಷರಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 3098ರ ಬಿ ಮಾದರಿಯಲ್ಲಿ ಗೆರೆಯ ದಪ್ಪ ಅಕ್ಷರದ ಎತ್ತರದ ಹತ್ತನೇ ಒಂದು ಭಾಗ: 2.5ಕ್ಕೆ 0.25, 3.5ಕ್ಕೆ 0.35 ಮಿ.ಮೀ. ಗೋಡೆಗೆ ಕೊಟ್ಟ 0.5ರ ಲೇಯರಿನಲ್ಲೇ 2.5ರ ಅಕ್ಷರ ಕೂರಿಸಿದರೆ 6, 8ರ ಹೊಟ್ಟೆ ಮುಚ್ಚಿಹೋಗುತ್ತದೆ. ಅಕ್ಷರಕ್ಕೆ ಬೇರೆಯೇ ಲೇಯರ್ ಇರಲಿ.

ಇನ್ನೊಂದು ಗೊಂದಲ: ಐಎಸ್‌ಒಸಿಪಿ ಎಂಬ ಫಾಂಟ್ ಎಸ್‌ಎಚ್‌ಎಕ್ಸ್, ಐಎಸ್‌ಒಸಿಪಿಇಯುಆರ್ ಎಂಬುದು ಟ್ರೂಟೈಪ್. ಪರದೆಯ ಮೇಲೆ ಅಣ್ಣತಮ್ಮಂದಿರಂತಿದ್ದರೂ ಕಾಗದದ ಮೇಲೆ ಒಂದು ತೆಳು, ಇನ್ನೊಂದು ದಪ್ಪವಾಗಿ ಬರಬಹುದು. ಎರಡನ್ನೂ ಬೆರೆಸಬೇಡಿ.

ಪ್ರಶ್ನೆ: ನಾನು ಕಳಿಸಿದ ಫೈಲ್ ಬೇರೆಯವರ ಕಂಪ್ಯೂಟರಿನಲ್ಲಿ ತೆರೆದಾಗ ಕೆಲವೆಡೆ ಪ್ರಶ್ನಾರ್ಥಕ ಚಿಹ್ನೆಗಳು, ಕೋಷ್ಟಕದಲ್ಲಿ ಅಕ್ಷರಗಳು ಗೆರೆ ದಾಟಿ ಹೊರಗೆ. ಏಕೆ?

ಉತ್ತರ: ಡಿಡಬ್ಲ್ಯುಜಿ (ಆಟೋಕ್ಯಾಡ್ ಡ್ರಾಯಿಂಗ್) ಫೈಲಿನೊಳಗೆ ಫಾಂಟ್ ಇರುವುದಿಲ್ಲ, ಅದರ ಹೆಸರು ಮಾತ್ರ ಇರುತ್ತದೆ. ಆ ಹೆಸರಿನ ಎಸ್‌ಎಚ್‌ಎಕ್ಸ್ ಸಿಗದಿದ್ದರೆ ‘ಫಾಂಟ್‌ಆಲ್ಟ್’ ಎಂಬ ಸೆಟ್ಟಿಂಗಿನಲ್ಲಿರುವ ಬದಲಿ ಫಾಂಟ್, ಸಾಮಾನ್ಯವಾಗಿ ಸಿಂಪ್ಲೆಕ್ಸ್, ಬಂದು ಕೂರುತ್ತದೆ. ಅದರ ಅಗಲ ಬೇರೆ, ಹಾಗಾಗಿ ಸಾಲು ಉಕ್ಕುತ್ತದೆ. ನೀವು ಬಳಸಿದ ಚಿಹ್ನೆ ಬದಲಿಯಲ್ಲಿ ಇಲ್ಲದಿದ್ದರೆ ‘?’ ಕಾಣುತ್ತದೆ.

ಫೈಲನ್ನು ಇಟ್ರಾನ್ಸ್‌ಮಿಟ್ (ಡ್ರಾಯಿಂಗನ್ನೂ ಅದಕ್ಕೆ ಬೇಕಾದ ಫೈಲುಗಳನ್ನೂ ಒಟ್ಟಿಗೆ ಕಟ್ಟುವ ಕಮಾಂಡ್) ಮೂಲಕ, ಫಾಂಟ್ ಸೇರಿಸುವ ಆಯ್ಕೆಗೆ ಟಿಕ್ ಹಾಕಿ ಕಳಿಸಿ. ಆದರೆ ಅದು ಕಟ್ಟಿಕೊಡುವುದು ಎಸ್‌ಎಚ್‌ಎಕ್ಸ್ ಮಾತ್ರ. ಟ್ರೂಟೈಪ್ ಅದರಲ್ಲಿ ಬರುವುದಿಲ್ಲ. ಅಪರೂಪದ ಟ್ರೂಟೈಪ್ ಫಾಂಟುಗಳನ್ನು ದೂರವಿಡಿ ಎನ್ನುವುದು ಇದಕ್ಕೇ. ಪಡೆದವರು ಎಸ್‌ಎಚ್‌ಎಕ್ಸ್ ಫೈಲನ್ನು, ಆಪ್ಷನ್ಸ್‌ನ ಫೈಲ್ಸ್ ಟ್ಯಾಬಿನಲ್ಲಿರುವ ಸಪೋರ್ಟ್ ಫೈಲ್ ಸರ್ಚ್ ಪಾತ್ ತೋರಿಸುವ ಯಾವುದಾದರೂ ಫೋಲ್ಡರಿಗೆ ಹಾಕಿ ಡ್ರಾಯಿಂಗನ್ನು ಮತ್ತೆ ತೆರೆಯಬೇಕು.

ಸ್ಟೈಲಿನ ಫಾಂಟ್ ಬದಲಿಸಿದ ಮೇಲೂ ಕೆಲವು ಸಾಲು ಹಠ ಹಿಡಿದು ಹಳೆಯ ಫಾಂಟಿನಲ್ಲೇ ಉಳಿದರೆ, ಎಮ್‌ಟೆಕ್ಸ್ಟ್ (ಹಲವು ಸಾಲುಗಳ ಬರಹ) ಒಳಗೇ ಯಾರೋ ಫಾಂಟ್ ಆರಿಸಿದ್ದಾರೆ ಎಂದರ್ಥ. ಅದನ್ನು ತೆರೆದು, ಪೂರ್ತಿ ಆಯ್ದುಕೊಂಡು, ‘ರಿಮೂವ್ ಆಲ್ ಫಾರ್ಮ್ಯಾಟಿಂಗ್’ ಕೊಡಿ. ಬೋಲ್ಡ್, ಅಡಿಗೆರೆಗಳೂ ಜೊತೆಗೇ ಹೋಗುತ್ತವೆ, ಮತ್ತೆ ಹಾಕಿಕೊಳ್ಳಬೇಕು.

ಪ್ರಶ್ನೆ: ಡೈಮೆನ್ಷನ್ ಸ್ಟೈಲಿನಲ್ಲಿ (ಅಳತೆ ತೋರಿಸುವ ಶೈಲಿಯಲ್ಲಿ) ಅಕ್ಷರದ ಎತ್ತರ ಬದಲಿಸಿದರೂ ಏನೂ ಆಗುತ್ತಿಲ್ಲ. 1:100 ಸ್ಕೇಲಿಗೆ ಎಷ್ಟು ಎತ್ತರ ಕೊಡಬೇಕು?

ಉತ್ತರ: ಆ ಡೈಮೆನ್ಷನ್ ಬಳಸುವ ಟೆಕ್ಸ್ಟ್ ಸ್ಟೈಲಿನಲ್ಲೇ ಯಾವುದೋ ಎತ್ತರ ನಮೂದಾಗಿದೆ. ಅಲ್ಲಿ ಸೊನ್ನೆಯಲ್ಲದ ಸಂಖ್ಯೆ ಇದ್ದರೆ ಡೈಮೆನ್ಷನ್ ಸ್ಟೈಲಿನ ಮಾತು ನಡೆಯುವುದಿಲ್ಲ. ಸ್ಟೈಲ್ ಕಮಾಂಡ್ ಕೊಟ್ಟು ಎತ್ತರವನ್ನು 0 ಮಾಡಿ.

ಕಾಗದದ ಮೇಲೆ 2.5 ಮಿ.ಮೀ. ಬೇಕಿದ್ದರೆ, ಮಿಲಿಮೀಟರಿನಲ್ಲಿ ಬರೆದ ಮಾಡೆಲಿನಲ್ಲಿ 2.5 × 100 = 250; ಮೀಟರಿನಲ್ಲಿ ಬರೆದಿದ್ದರೆ 0.25. ಡೈಮೆನ್ಷನ್ ಸ್ಟೈಲಿನ ಓವರಾಲ್ ಸ್ಕೇಲ್ (ಅಕ್ಷರ, ಬಾಣಗಳ ಗಾತ್ರವನ್ನು ಗುಣಿಸುವ ಸಂಖ್ಯೆ) 100 ಇದ್ದರೆ ಅಲ್ಲಿ ಎತ್ತರ 2.5 ಎಂದೇ ಕೊಡಿ. ಆನೊಟೇಟಿವ್ (ಸ್ಕೇಲಿಗೆ ತಕ್ಕಂತೆ ಗಾತ್ರ ತಾನೇ ಹೊಂದಿಕೊಳ್ಳುವ) ಸ್ಟೈಲಿನಲ್ಲೂ ಕಾಗದದ ಎತ್ತರವನ್ನೇ ಕೊಡುವುದು. ಅಲ್ಲಿ 250 ಬರೆದರೆ ಗುಣಾಕಾರ ಎರಡು ಸಲ ನಡೆದು, ಒಂದೇ ಅಂಕಿ ಇಡೀ ಹಾಳೆಯನ್ನು ನುಂಗುತ್ತದೆ.

ಎ1 ಹಾಳೆಯನ್ನು ಎ3ಗೆ ಇಳಿಸಿ ಮುದ್ರಿಸುವ ರೂಢಿ ಇದ್ದರೆ 2.5 ಸಾಲದು, 1.25 ಆಗಿಬಿಡುತ್ತದೆ. ಐಎಸ್‌ಒ ಎತ್ತರಗಳು 1.8, 2.5, 3.5, 5, 7, 10, 14, 20. ಪ್ರತಿಯೊಂದೂ ಹಿಂದಿನದರ ಸುಮಾರು 1.4 ಪಟ್ಟು. ಕಾಗದದ ಅಳತೆಗಳ ಅನುಪಾತವೂ ಇದೇ. ಹೀಗಾಗಿ ಎ1ರಲ್ಲಿನ 3.5 ಎ2ರಲ್ಲಿ 2.5 ಆಗುತ್ತದೆ, ಎ3ರಲ್ಲಿ ಹೆಚ್ಚುಕಡಿಮೆ 1.8. ಅಂಥ ಕಡೆ 3.5ರಿಂದಲೇ ಶುರು ಮಾಡಿ. ಜಾಗ ಸಾಲದಿದ್ದರೆ ಎತ್ತರ ಕಡಿಮೆ ಮಾಡುವ ಬದಲು ವಿಡ್ತ್ ಫ್ಯಾಕ್ಟರನ್ನು (ಅಕ್ಷರದ ಅಗಲದ ಪ್ರಮಾಣವನ್ನು) 0.8ಕ್ಕೆ ಇಳಿಸಿ ನೋಡಿ.

ಪ್ರಶ್ನೆ: ಪಿಡಿಎಫ್ ತೆರೆದರೆ ಪ್ರತಿ ಟಿಪ್ಪಣಿಯ ಮೇಲೂ ಕಾಮೆಂಟ್ ಚೌಕ ಕಾಣುತ್ತದೆ.

ಉತ್ತರ: ಎಸ್‌ಎಚ್‌ಎಕ್ಸ್ ಅಕ್ಷರ ಪಿಡಿಎಫ್‌ನಲ್ಲಿ ಬರೀ ಗೆರೆ, ಅದನ್ನು ಹುಡುಕಲು ಸಿಗಲಿ ಎಂದು ಆಟೋಕ್ಯಾಡ್ ಕಾಮೆಂಟ್ ಸೇರಿಸುತ್ತದೆ. ‘ಪಿಡಿಎಫ್‌ಎಸ್‌ಎಚ್‌ಎಕ್ಸ್’ ಎಂಬ ವೇರಿಯಬಲ್ಲಿಗೆ 0 ಕೊಟ್ಟು ಮತ್ತೆ ಪ್ಲಾಟ್ ಮಾಡಿ. ಆಮೇಲೆ ಆ ಪದಗಳು ಹುಡುಕಾಟದಲ್ಲಿ ಸಿಗುವುದಿಲ್ಲ.

ಪ್ರಶ್ನೆ: ಲೇಸರ್‌ನಲ್ಲಿ ಹೆಸರು ಕೆತ್ತಿಸಿದರೆ ಪ್ರತಿ ಅಕ್ಷರಕ್ಕೂ ಜೋಡಿ ಗೆರೆ ಬರುತ್ತಿದೆ.

ಉತ್ತರ: ಟ್ರೂಟೈಪ್ ಬಳಸಿದ್ದೀರಿ. ಯಂತ್ರ ಅದರ ಎರಡೂ ಅಂಚಿನ ಮೇಲೆ ಓಡುತ್ತದೆ. ಸಿಂಪ್ಲೆಕ್ಸ್ ಹಾಕಿ, ಆಟೋಕ್ಯಾಡ್‌ನ ಎಕ್ಸ್‌ಪ್ರೆಸ್ ಟೂಲ್ಸ್‌ನಲ್ಲಿರುವ ‘ಟಿಎಕ್ಸ್‌ಟಿಇಎಕ್ಸ್‌ಪಿ’ ಕಮಾಂಡಿನಿಂದ ಅಕ್ಷರವನ್ನು ಗೆರೆಗಳಾಗಿ ಒಡೆಯಿರಿ. ಒಡೆದ ಮೇಲೆ ತಿದ್ದಲಾಗದು, ಮೊದಲೇ ಒಂದು ಪ್ರತಿ ಎತ್ತಿಡಿ. ಕೆತ್ತುವ ಬದಲು ಆರಪಾರ ಕತ್ತರಿಸುವುದಾದರೆ ಮಾತ್ರ ಅಂಚುಳ್ಳ ಟ್ರೂಟೈಪೇ ಬೇಕು, ಅದೂ ಸ್ಟೆನ್ಸಿಲ್ ಮಾದರಿಯದು. ಇಲ್ಲದಿದ್ದರೆ 0, 6, 8ರ ನಡುವಿನ ತುಂಡು ಕಳಚಿ ಬೀಳುತ್ತದೆ.